ಏಳನೇ ಲೈನು

ಲೆಸೋಥೊದ ಮಪುತ್ಸ್ವೆಯಲ್ಲಿ
ಜೀನ್ಸ್ ಕಾರ್ಖಾನೆಗೆ ಬೀಗ ಬಿದ್ದು ಹದಿನಾಲ್ಕು ತಿಂಗಳು.
ಈಗಲೂ ಗುರುವಾರ, ಆರೂ ನಲವತ್ತಕ್ಕೆ,
ಪುಲೆಂಗಳ ತಗಡಿನ ಮನೆಯಲ್ಲಿ ಹಾಜರಿ.

"ಜೇಬು?" "ಇದ್ದೇನೆ."
"ಜಿಪ್ಪು?" "ಗಡಿಯಾಚೆ, ಸೇಬು ಕೀಳೋಕೆ. ಚಂದಾ ಕಳಿಸಿದಾಳೆ."
"ಗುಂಡಿ, ಕಾಜ?"
ಯಾರೂ ಮಾತಾಡಲಿಲ್ಲ.

ಹೆಸರು ಹೊಡೆದುಹಾಕಲಿಲ್ಲ ಪುಲೆಂಗ್.
ಎದುರಿಗೆ ಬರೆದಳು:
ಬಾಕಿ ಮೂರು ತಿಂಗಳ ಸಂಬಳ,
ಮಗಳು ಟೆಬೆಲ್ಲೊಗೆ ಸಲ್ಲತಕ್ಕದ್ದು.

ಟೆಬೆಲ್ಲೊ ಬಾಗಿಲಲ್ಲೇ ನಿಂತಿದ್ದಳು
ಅಮ್ಮನ ಕಂಬಳಿ ಹೊದ್ದು.
ನನಗೆ ಹೊಲಿಗೆ ಬರಲ್ಲ, ಅಂದಳು.

ಇಲ್ಲಿ ಯಾರು ಹೊಲೀತಿದಾರೆ ಈಗ?
ಕೂತ್ಕೋ. ಲಾಯರಿಗೆ ಕಾಗದ ಬರೀಬೇಕು,
ನಿನ್ನ ಅಕ್ಷರ ದುಂಡಗಿದೆಯಂತೆ,
ಅವಳೇ ಹೇಳ್ತಿದ್ದಳು.

ಬೆಂಚಿನ ಮೇಲೆ ಒಬ್ಬಳು ಸರಿದಳು,
ಆಮೇಲೆ ಎಲ್ಲರೂ,
ಒಂದೊಂದು ಗೇಣು.