ಹೆಪ್ಪಿನ ಷರತ್ತು

ಭೋಸರಿಯ ಎಸ್ ಬ್ಲಾಕಿನಲ್ಲಿ, ತಗಡಿನ ಮಾಡಿನ ಕೆಳಗೆ
ನಾವು ತಕ್ಕಡಿ ಮಾಡುತ್ತೇವೆ.
ಎರಡು ತಟ್ಟೆಯದಲ್ಲ, ಕಬ್ಬಿನ ಲಾರಿ
ಹಾಗೆಯೇ ಹತ್ತಿ ನಿಲ್ಲುವಂಥದು.
ಕೆಂಪು ಅಂಕಿ ಹೊಳೆಯುತ್ತದೆ,
ಚಾಲಕ ತಲೆಯೆತ್ತಿ ಓದುತ್ತಾನೆ,
ನಂಬುತ್ತಾನೆ, ಅಥವಾ ಬೀಡಿ ಹಚ್ಚುತ್ತಾನೆ.

ಅಂಕಿಯ ಹಿಂದಿನ ಲೆಕ್ಕ ಅಭ್ಯಂಕರರದು.
ಹನ್ನೊಂದು ವರ್ಷದ ಗುಟ್ಟು.
ನಾನು ಅವರ ಕಾಗದಪತ್ರದವಳು:
ಅಕ್ಕಲಕೋಟೆಯ ಕನ್ನಡ, ಪುಣೆಯ ಮರಾಠಿ, ಕೋರ್ಟಿನ ಇಂಗ್ಲಿಷು,
ಮೂರರಲ್ಲೂ 'ಷರತ್ತುಗಳು ಅನ್ವಯಿಸುತ್ತವೆ' ಎನ್ನಬಲ್ಲೆ.

ಸೋಮವಾರ ಕರೆದರು. ಬಾಗಿಲು ಹಾಕಿದರು.
'ಆ ಧುಮಾಳ ಹುಡುಗಿ ಪುಕ್ಕಟೆ ಕಂಪೈಲರ್ ಹಾಕಿದ್ದಾಳಂತೆ.
ಅದು ಮುಟ್ಟಿದರೆ ಅಂಟುತ್ತದಂತೆ.
ನಾಳೆ ಯಾರೋ ಬಂದು, ತೆಗೀರಿ ನಿಮ್ಮ ಲೆಕ್ಕ ಅಂದರೆ?'
ಅವರ ಚಹಾದ ಮೇಲೆ ಕೆನೆ ಕಟ್ಟಿತ್ತು.

ಮೂರು ರಾತ್ರಿ ಆ ಲೈಸೆನ್ಸ್ ಓದಿದೆ.
ಬರೆದವರು ವಕೀಲರಲ್ಲ, ಅಥವಾ
ಯಾವುದೋ ಸಿಟ್ಟಿಗೆ ವಕೀಲರಾದವರು.
ಒಂದೊಂದು ವಾಕ್ಯದ ಬೆನ್ನಿಗೂ
ಹಳೆಯ ಮೋಸವೊಂದು ಬಾಸುಂಡೆಯಂತೆ ಎದ್ದಿದೆ.

ಮೂರನೆಯ ರಾತ್ರಿ ಬಾಗಿಲು ತಟ್ಟಿದಳು
ಎದುರು ಮನೆಯ ಸುಲಭಾ ವಹಿನಿ, ಬಟ್ಟಲು ಹಿಡಿದು.
'ವಿರಜಣ ಇದೆಯಾ?'
ಅವಳಿಗದು ವಿರಜಣ, ನನಗೆ ಹೆಪ್ಪು,
ಹಾಲಿಗೆ ಎರಡೂ ಒಂದೇ.
ದೀಪ ಹಚ್ಚಿದ ಮೇಲೆ ಕೊಡಬಾರದು ಎನ್ನುತ್ತಿದ್ದ ನಮ್ಮತ್ತೆ
ಒಂದು ಚಿಟಿಕೆ ಸಕ್ಕರೆ ಉದುರಿಸಿ ಕೊಟ್ಟೇಬಿಡುತ್ತಿದ್ದಳು:
ನೇಮವೂ ಉಳಿಯಿತು, ನೆರೆಯೂ.
ನಾನೂ ಉದುರಿಸಿದೆ.

ತಿರುಗಿ ಬಂದು ಕೂತರೆ ಫ್ಯಾನಿನ ಗಾಳಿಗೆ
ತೆರೆದುಕೊಂಡಿದ್ದ ಹಾಳೆ: ವಿನಾಯಿತಿ.
ಕಂಪೈಲರ್ ತಾನು ಕಡೆದು ಕೊಟ್ಟದ್ದರಲ್ಲೆಲ್ಲ
ತನ್ನದೊಂದು ಚಮಚ ಬಿಟ್ಟಿರುತ್ತದಂತೆ,
ಭಾಗಾಕಾರ ಬಲ್ಲ ನಾಲ್ಕು ಸಾಲು,
ಹೊಳೆ ದಾಟಿಸುವ ಒಂದು ಕಲ್ಲು.
ಕಾಣದ್ದು. ತೆಗೆಯಲಾಗದ್ದು.
ಮೊಸರಾದ ಮೇಲೆ ಹೆಪ್ಪನ್ನು ಯಾರು ಹೆಕ್ಕುತ್ತಾರೆ?
ಕೊಟ್ಟವರೇ ಬರೆದಿದ್ದಾರೆ:
ಮೊಸರು ನಿನ್ನದು. ಮಾರಿಕೋ.
ಬೀಗ ಹಾಕಿಕೋ. ನಾವು ಕೇಳೆವು.
ಆದರೆ ನಮ್ಮ ಗಡಿಗೆಗೆ ತೂತು ಕೊರೆದು
ನಿನ್ನ ಗುಟ್ಟಿನ ಕೊಳವೆ ಸಿಕ್ಕಿಸಿ
ಅರೆ ಹೆಪ್ಪಾದ ಹಾಲನ್ನು ಬೇರೆಡೆ ಹರಿಸಿದೆಯೋ,
ಆಡಿದ ಮಾತು ಹಿಂದಕ್ಕೆ.

ಓದಿ ಹೇಳಿದೆ. ಅಭ್ಯಂಕರರು ನಕ್ಕರು,
ಎಲ್ಲರಿಗೂ ಸಾಬುದಾಣಾ ವಡೆ ತರಿಸಿದರು.
'ಹುಚ್ಚರಪ್ಪ! ಕೊಟ್ಟು ಏನೂ ಕೇಳದವರು.'
ಕೇಳಿದ್ದಾರೆ ಸರ್, ಎಂದೆ,
ಕಂಪೈಲರನ್ನೇ ತಿದ್ದಿ ಹಂಚಿದರೆ
ತಿದ್ದಿದ್ದನ್ನೂ ಹಂಚಿ ಎಂದು.
ಅವರ ಬಾಯಲ್ಲಿ ವಡೆಯಿತ್ತು.

ಧುಮಾಳ ಕೇಳಿಸಿಕೊಂಡಳು.
ಸಂಜೆ ನನ್ನ ಮೇಜಿಗೆ ಬಂದಳು.
ನಮ್ಮ ಚಿಕ್ಕ ಚಿಪ್ಪಿಗಾಗಿ ಬರೆದ ಭಾಗಾಕಾರ
ಸೊನ್ನೆಯ ಕೆಳಗಿಳಿದರೆ ಒಂದು ಮನೆ ತಪ್ಪುತ್ತಿತ್ತಂತೆ.
ಆರು ತಿಂಗಳಿಂದ ಅವಳ ತಿದ್ದುಪಡಿ ಅವಳ ಬಳಿಯೇ ಇದೆ.
'ನಾವು ಕಂಪೈಲರನ್ನು ಯಾರಿಗೂ ಹಂಚುತ್ತಿಲ್ಲ.
ಕೊಡಲೇಬೇಕೆಂದಿಲ್ಲ,' ಎಂದೆ ಕಾನೂನಿನವಳು.
'ಗೊತ್ತು ಮ್ಯಾಡಂ,' ಎಂದಳು.
ಹೋಗಲಿಲ್ಲ. ನಿಂತೇ ಇದ್ದಳು.
ಕಾಗದ ಟೈಪು ಮಾಡಿದೆ. ಅಭ್ಯಂಕರರ ಸಹಿ
ವಿದ್ಯುತ್ ಬಿಲ್ಲು, ಕ್ಯಾಂಟೀನಿನ ಲೆಕ್ಕದ ನಡುವೆ
ಎಣ್ಣೆಯ ಹೆಬ್ಬೆಟ್ಟಿನೊಡನೆ ಬಿತ್ತು.

ಎಲ್ಲೋ ಒಬ್ಬ, ಹೆಸರು ಗೊತ್ತಿಲ್ಲದವ,
ಮರುದಿನ ಅದನ್ನು ಸೇರಿಸಿಕೊಂಡ.
ಎರಡು ಪದದ ಥ್ಯಾಂಕ್ಸು. ಅದರಲ್ಲೂ ಒಂದು ಕಾಗುಣಿತದ ತಪ್ಪು.

ಈಗ ದೌಂಡಿನ ಕಾರ್ಖಾನೆಯ ಹೊರಗೆ ಸಾಲು.
ನಸುಕು, ಕಬ್ಬಿನ ಸೋಗೆಯಿಂದ ಇಬ್ಬನಿ ತೊಟ್ಟಿಕ್ಕುತ್ತಿದೆ.
ಚಾಲಕ ತಲೆಯೆತ್ತುತ್ತಾನೆ: ೧೮,೪೬೦.
'ಹೇಗೆ ಬಂತು ಇದು?' ಎನ್ನುತ್ತಾನೆ, ಯಾರಿಗೂ ಅಲ್ಲ.
ಯಾವ ಕಲಮಿನಲ್ಲೂ ಅವನಿಗೆ ಉತ್ತರವಿಲ್ಲ.
ನಾನು ಮೂರು ರಾತ್ರಿ ಹುಡುಕಿದ್ದೆನಲ್ಲ,
ಅವನನ್ನು ಹುಡುಕಿರಲಿಲ್ಲ.