ಗಾಳಿಚೀಲ

ನಮ್ಮ ಊರಲ್ಲಿ, ಲಿಥುವೇನಿಯಾದ ಆ ಮೂಲೆಯಲ್ಲಿ,
ಬಿಯರೆಂದರೆ ಬಗ್ಗಡ.
ಅಜ್ಜಿ ಹುಲ್ಲು ಹಾಸಿ ಸೋಸುತ್ತಿದ್ದಳು,
ಸೋಸಿದರೂ ಗಂಜಿಯ ಹಾಗೆ ದಪ್ಪ,
ಮೀಸೆಗೆ ಅಂಟಿದ್ದು ಸಂಜೆಯವರೆಗೂ ಇರುತ್ತಿತ್ತು.
ಲೋಟದ ಆಚೆ ಏನಿದೆಯೆಂದು ಯಾರೂ ನೋಡುತ್ತಿರಲಿಲ್ಲ.

ಗ್ರಿಮ್ಸ್‌ಬಿಯಲ್ಲಿ ನನ್ನ ಹೆಂಡತಿಯ ಅಪ್ಪ ನೋಡುತ್ತಾನೆ.
ವಿಲ್ಫ್, ಎಂಬತ್ತೊಂದು ವರ್ಷ,
ಲೋಟದ ಹಿಂದೆ ಪೇಪರು ಹಿಡಿದು
ಕಾಡ್ ಮೀನಿನ ಧಾರಣೆ ಓದುತ್ತಾನೆ, ಗಟ್ಟಿಯಾಗಿ.
ಅಕ್ಷರ ಮಸುಕಾದರೆ
ಇಡೀ ಪೀಪಾಯಿ ರೂಬಾರ್ಬ್ ಗಿಡಕ್ಕೆ.

ಹೊಸ ಅಳಿಯ ಅಂತ ಷೆಡ್ಡಿಗೆ ಕರೆದ.
ತಂಬಾಕಿನ ಡಬ್ಬಿಯಿಂದ
ಒಣಗಿದ ಚರ್ಮದಂಥದೊಂದು ತುಂಡು ತೆಗೆದ,
ಈರುಳ್ಳಿ ಸಿಪ್ಪೆಯ ಬಣ್ಣ, ಬೆಳಕಿಗೆ ಹಿಡಿದರೆ ಉಗುರಿನ ಹಾಗೆ.
"ಮೀನಿನ ಗಾಳಿಚೀಲ. ಇದರಿಂದಲೇ ಅದು ತೇಲೋದು."

ಬಿಸಿನೀರು ತಂದೆ. ಬೈದ.
ಬಿಸಿ ತಾಕಿದರೆ ಇದು ಬರೀ ಅಂಟು,
ಬೂಟಿನ ಅಟ್ಟೆಗೆ ಹಚ್ಚಬೇಕು ಅಷ್ಟೆ.
ತಣ್ಣೀರು, ಎರಡು ಹನಿ ಹುಳಿ, ಒಂದಿಡೀ ದಿನ.
ನಾರು ಬಿಚ್ಚಿ ಬಿಚ್ಚಿ ಲೋಳೆಯಾಗಬೇಕು,
ಆಮೇಲೆ ಪೀಪಾಯಿಗೆ ಸುರಿದು, ಒಂದೇ ಸುತ್ತು ತಿರುಗಿಸಿ
ಕೈ ತೆಗೆಯಬೇಕು.
ಕೈ ತೆಗೆಯುವುದೇ ಕಷ್ಟದ ಕೆಲಸ, ಅಂದ.

ನಡೆಯುವುದು ಇಷ್ಟೆ:
ಆ ಲೋಳೆ ಕತ್ತಲಲ್ಲಿ ಇಳಿಯುತ್ತ
ದಾರಿಯಲ್ಲಿ ಸಿಕ್ಕ ಯೀಸ್ಟನ್ನೆಲ್ಲ ತಬ್ಬಿಕೊಂಡು
ತಳ ಸೇರುತ್ತದೆ.
ಮೀನನ್ನು ತೇಲಿಸಿದ್ದು
ಮಡ್ಡಿಯನ್ನು ಮುಳುಗಿಸುತ್ತದೆ.
ಮಾಂಸ ಬಿಟ್ಟ ಮೊಮ್ಮಗಳು ಇದನ್ನು ಕೇಳಿದಂದಿನಿಂದ
ಲೋಟ ಮುಟ್ಟುವುದಿಲ್ಲ.
"ಮೀನು ಎಲ್ಲಿದೆ ತೋರಿಸೇ" ಅಂತ ಇವನು,
"ಇತ್ತಲ್ಲ" ಅಂತ ಅವಳು.

ಎರಡನೇ ರಾತ್ರಿ, ಕಾರ್ಖಾನೆಯಲ್ಲಿ ಹನ್ನೆರಡು ತಾಸು
ಹ್ಯಾಡಕ್ ಸೀಳಿ ಬಂದವನು
ಸೈಕಲ್ ಇಡಲು ಷೆಡ್ಡಿನ ಬಾಗಿಲು ತೆರೆದೆ.
ಹ್ಯಾಂಡಲ್ ತಾಗಿ ಪೀಪಾಯಿ ವಾಲಿತು.
ಬೀಳಲಿಲ್ಲ. ವಾಲಿತು, ಅಷ್ಟೆ.
ಒಳಗಿನ ಗುಳುಕ್ ಸದ್ದು ಮನೆಯವರೆಗೂ ಕೇಳಿಸಿರಬೇಕು,
ಮುದುಕ ಕೋಟು ಹೊದ್ದು ಬಂದ.
ನಲ್ಲಿ ತಿರುಗಿಸಿ ಒಂದು ಬೆರಳಷ್ಟು ಹಿಡಿದ,
ಟಾರ್ಚು ಬಿಟ್ಟ.
ಮಂಜು.

ಬೈಗುಳಕ್ಕೆ ಕಾದೆ.
ಅವನು ಬಕೆಟ್ಟು ಬೋರಲು ಹಾಕಿ ಕೂತ.
"ಕ್ಲಾರಿ ಅಂತ ನನಗೊಬ್ಬ ಅಣ್ಣ ಇದ್ದ" ಅಂದ.
ನನ್ನ ಹೆಂಡತಿಯೂ ಕೇಳದ ಹೆಸರು.
ಐಸ್‌ಲ್ಯಾಂಡಿನ ಉತ್ತರಕ್ಕೆ, ಹಗ್ಗ ಹಗ್ಗಕ್ಕೂ ಹಿಮ ಕಟ್ಟಿ
ಕೊಡಲಿ ಹಿಡಿದು ಇಬ್ಬರೂ ಒಡೆಯುತ್ತಿದ್ದರಂತೆ,
ಒಡೆದಷ್ಟೂ ಕಟ್ಟುತ್ತಿತ್ತಂತೆ,
ಹಡಗು ಒಂದು ಸಲ ವಾಲಿತಂತೆ.
ಮಗುಚಲಿಲ್ಲ. ವಾಲಿತು, ಅಷ್ಟೆ.
ಮತ್ತೆ ನೆಟ್ಟಗಾದಾಗ
ಡೆಕ್ಕಿನ ಮೇಲೆ ಒಂದೇ ಕೊಡಲಿ ಇತ್ತು.

ಟಾರ್ಚು ಆರಿಸಿದ.
ಇಬ್ಬರೂ ಮಾತಾಡದೆ, ತಿಳಿಯಲಿ ಅಂತ,
ಬೆಳಗಿನ ಜಾವದವರೆಗೆ ಕೂತೆವು.
ಹೋಗುವಾಗ ಪೀಪಾಯಿಯ ಕಡೆ ತಿರುಗಿ ಹೇಳಿದ:
"ಕೂರುತ್ತೆ. ಇನ್ನೆರಡು ದಿನ ಮುಟ್ಟಬೇಡ."

ಭಾನುವಾರ ಧಾರಣೆ ಓದಿದ, ಕೊನೆಯ ಪೆನ್ನಿಯವರೆಗೂ.
ಎಲ್ಲರಿಗೂ ಸುರಿದ.
ನಾನು ತಳದ್ದು ಕೇಳಿದೆ,
ಪೀಪಾಯಿ ಬಗ್ಗಿಸಿದರೆ ಮಾತ್ರ ಬರುವಂಥದು,
ಅಜ್ಜಿಯ ಬಣ್ಣದ್ದು.

"ಅದರಲ್ಲಿ ಎಲ್ಲಾ ಇದೆ ಕಣೋ" ಅಂದ.

ಲೋಟ ಚಾಚಿದೆ.