ಅಂಗಡಿ ಉಪ್ಪು

ಹೊಕ್ಕುಳಬಳ್ಳಿ ಹತ್ತೊಂಬತ್ತನೇ ದಿನ ಬಿತ್ತು,
ಒಣಸಿಗಡಿಯ ಹಾಗೆ ಕಪ್ಪಗೆ, ಮಡಿಸಿದ ಬಟ್ಟೆಯಲ್ಲಿ.
ಮಂಕಾಳಿ ಅದನ್ನು ಬೆಂಕಿಪೆಟ್ಟಿಗೆಗೆ ಹಾಕಿ
ಮಾಡಿನ ಸಂದಿಗೆ ಸಿಕ್ಕಿಸಿದಳು.
ಆಯಿತು ಅಂದುಕೊಂಡೆವು.

ಆಗಿರಲಿಲ್ಲ.
ಬಳ್ಳಿ ಬಿದ್ದ ಗುಳಿಯೊಳಗೆ ಒಂದು ಕೆಂಪು ಮಣಿ,
ಗುಲಗಂಜಿಗಿಂತ ಸಣ್ಣದು, ಸದಾ ಒದ್ದೆ.
ಬೆಳಿಗ್ಗೆ ನೋಡಿದರೆ ಅಂಗಿಯಲ್ಲಿ
ರೂಪಾಯಿ ಅಗಲದ ಹಳದಿ ಕಲೆ.
ಮಂಕಾಳಿ ಮೂಸುತ್ತಾಳೆ, ನನಗೂ ಮೂಸಲು ಕೊಡುತ್ತಾಳೆ.
ವಾಸನೆ ಇಲ್ಲ. ಇಲ್ಲ ಅಲ್ಲವಾ?
ಇಲ್ಲ.
ಇನ್ನೊಮ್ಮೆ ನೋಡು.

ಒಣಗುವುದನ್ನು ಕಾಯುವುದು ನನ್ನ ಕಸುಬು.
ಆರ್ಪೊರಾದ ಆಗರದಲ್ಲಿ ಇದು ಏಳನೇ ಬೇಸಿಗೆ.
ನೀರು ಕಟ್ಟುವುದು, ಬಿಸಿಲಿಗೆ ಬಿಡುವುದು,
ಕೈ ಹಾಕದೆ ಸುಮ್ಮನಿರುವುದು.
ಆತುರಕ್ಕೆ ಗೋರಿದರೆ ಬರುವುದು ಕೆಸರು.
ಹೊಸ ಹುಡುಗರಿಗೆ ಇದನ್ನು ಹೇಳಿಕೊಡುವವನು ನಾನೇ.
ಆದರೆ ಬೆರಳ ತುದಿಯಷ್ಟು ಈ ಗುಳಿಯ ಮುಂದೆ
ರಾತ್ರಿ ನಾಲ್ಕು ಸಲ ಎದ್ದು ಟಾರ್ಚು ಹಾಕುತ್ತೇನೆ.

ಸಾಣಿಕಟ್ಟಾದಿಂದ ಅವ್ವಿ, ಫೋನಿನಲ್ಲಿ:
ಅರಿಶಿನ ಇಡು. ಬೇಡ, ಬೂದಿ ಇಡು.
ಹಳೇ ತಾಮ್ರದ ಬಿಲ್ಲೆ ಒತ್ತಿ ಬಟ್ಟೆ ಸುತ್ತು,
ನಿನಗೆ ಹಾಗೇ ಮಾಡಿದ್ದು.
ಅಂಗಿ ಎತ್ತಿ ನನ್ನ ಹೊಕ್ಕುಳ ನೋಡಿಕೊಂಡೆ:
ಮುಚ್ಚಳದ ಗುಬಟಿನ ಹಾಗೆ ಹೊರಗೆ ನಿಂತಿದೆ.
ಬಿಲ್ಲೆಯ ಮಾತು ಅಲ್ಲಿಗೇ ಬಿಟ್ಟೆವು.

ಕಾಂದೋಳಿ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬಗ್ಗಿ ನೋಡಿ
ಒಂದೇ ಮಾತು ಅಂದಳು: ಮೀಟ್.
ಉಪ್ಪು. ಒಂದು ಚಿಟಿಕೆ, ಮಣಿಯ ಮೇಲೆ ಮಾತ್ರ.
ಹತ್ತಿ ಮುಚ್ಚಿ ಹತ್ತು ನಿಮಿಷ, ಆಮೇಲೆ
ಕಾಯಿಸಿ ಆರಿಸಿದ ನೀರಿನಲ್ಲಿ ಒರೆಸಿ. ದಿನಕ್ಕೆ ಎರಡು ಸಲ.
ಸುತ್ತ ಚರ್ಮ ಕೆಂಪಾದರೆ, ಮೈ ಬಿಸಿಯಾದರೆ ಓಡಿ ಬನ್ನಿ.
ನನ್ನ ಕೈ ನೋಡಿದಳು, ಕಾಲು ನೋಡಿದಳು.
ನಿಮ್ಮ ಆಗರದ್ದಲ್ಲ, ಅಂದಳು,
ಅಂಗಡಿಯ ಪ್ಯಾಕೆಟ್ಟಿನದು.

ಹುಟ್ಟಿದಾಗಿನಿಂದ ಉಪ್ಪು ಕೊಂಡವನಲ್ಲ ನಾನು.
ನಾರ್ವೇಕರನ ಅಂಗಡಿಗೆ ಮೊನ್ನೆಯಷ್ಟೇ
ಎರಡು ಗೋಣಿ ಇಳಿಸಿ ಬಂದಿದ್ದೆ.
ಅವನು ತಕ್ಕಡಿ ಬಿಟ್ಟು ನಕ್ಕ, ನಿಂತವರಿಗೂ ಹೇಳಿ ನಗಿಸಿದ.
ಮಗುವಿಗೆ, ಅಂದೆ.
ನಗು ಅಲ್ಲಿಗೇ ನಿಲ್ಲಿಸಿ, ಒಳಗೆ ಹೋಗಿ
ಧೂಳು ಕೂರದ ಪ್ಯಾಕೆಟ್ಟು ಹುಡುಕಿ ತಂದ.
ಮೈದಾದ ಹಾಗೆ ಬಿಳಿ, ನುಣುಪು.
ನಾಲಿಗೆಗೆ ಇಟ್ಟು ನೋಡಿದೆ,
ಯಾವ ಗದ್ದೆಯದೆಂದು ತಿಳಿಯಲಿಲ್ಲ.

ಉಪ್ಪು ಹೇಗೆ ಸುಡುತ್ತದೆಂದು ನನಗೆ ಗೊತ್ತು.
ಹಿಮ್ಮಡಿಯ ಬಿರುಕಿಗೆ ಇಳಿದ ದಿನ
ಮೇಸ್ತ್ರಿ ಕೂಗಿದರೂ ಬಾಯಿಂದ ಓ ಹೊರಡುವುದಿಲ್ಲ.
ಆ ಮಾಂಸಕ್ಕೆ ನರವಿಲ್ಲ, ನೋಯುವುದಿಲ್ಲ,
ಅಂದಿದ್ದಳು ಡಾಕ್ಟರಮ್ಮ. ಆದರೂ
ಮೊದಲ ಚಿಟಿಕೆ ನನ್ನ ಹೆಬ್ಬೆರಳ ಸೀಳಿಗೆ ಹಾಕಿಕೊಂಡೆ.
ಅಂಗಡಿ ಉಪ್ಪೂ ಉಪ್ಪೇ.

ಕೈ ತೊಳೆದೆ, ಇನ್ನೊಮ್ಮೆ ತೊಳೆದೆ.
ಶನಿವಾರ. ರಾತ್ರಿ ಬಜಾರಿನ ಧಿಮಿಧಿಮಿ ನೀರು ದಾಟಿ ಬಂದು
ನಮ್ಮ ತಗಡಿನ ಗೋಡೆ ನಡುಗಿಸುತ್ತಿತ್ತು.
ಮಂಕಾಳಿ ಮಗುವಿನ ಕಾಲು ಹಿಡಿದು ಕಣ್ಣು ಮುಚ್ಚಿಕೊಂಡಳು.
ನಾನು ಮುಚ್ಚುವಂತಿರಲಿಲ್ಲ.
ಹಾಕಿದೆ.

ಆಕಳಿಸಿದ.
ಅಷ್ಟೇ.
ಮೊಬೈಲಿನಲ್ಲಿ ನಿಮಿಷ ಎಣಿಸಿದೆವು, ಏಳರ ಹೊತ್ತಿಗೆ
ಕಾರಂಜಿ ಹಾರಿಸಿ ಹತ್ತಿ, ಉಪ್ಪು, ನನ್ನ ತೋಳು ಎಲ್ಲ ನೆನೆಸಿದ.
ಮತ್ತೆ ಮೊದಲಿಂದ.

ಇವತ್ತು ಐದನೇ ದಿನ. ಕಲೆ ನಾಲ್ಕಾಣೆಯಷ್ಟು.
ಮಣಿಯ ಕೆಂಪು ಇಳಿದು ಬೂದಿಗೆ ತಿರುಗಿದೆ;
ಹರಳು ಕಟ್ಟುವ ಮುಂಚೆ ಗದ್ದೆಯ ನೀರೂ
ಹೀಗೇ ಸ್ವಲ್ಪ ಮಂಕಾಗುತ್ತದೆ.
ಪ್ಯಾಕೆಟ್ಟಿನ ಬಾಯಿಗೆ ದಾರ ಕಟ್ಟಿ ಮಂಕಾಳಿ
ಬೆಂಕಿಪೆಟ್ಟಿಗೆಯ ಪಕ್ಕ ತೂಗಿಸಿದ್ದಾಳೆ.
ಗಂಜಿಗೆ ಅದನ್ನು ಮುಟ್ಟಬಾರದೆಂದು ಕಟ್ಟಪ್ಪಣೆ.
ಒಣಗಿತಾ, ಕೇಳುತ್ತಾಳೆ, ಬಾಗಿಲಿಂದಲೇ.
ಇನ್ನೂ ಇಲ್ಲ, ಅನ್ನುತ್ತೇನೆ,
ಹುಡುಗರಿಗೆ ಹೇಳುವ ದನಿಯಲ್ಲೇ,
ಮತ್ತೆ ಟಾರ್ಚು ಹಾಕುತ್ತೇನೆ.